ಬೇಡವೆಂಬ ಮಾತಿನ ಕೂಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳಲ್ಲಿ ಯಾವುದಕ್ಕೂ ಕಡಲಿನ ಗಾಳಿ ಸೋಕಿದ್ದಲ್ಲ. ಹೊಳೆನರಸೀಪುರಕ್ಕೆ ಹೇಮಾವತಿ ಉಂಟು. ಅರಕಲಗೂಡಿನವರು ತಮ್ಮ ತಾಲ್ಲೂಕಿನ ರಾಮನಾಥಪುರದಲ್ಲಿ ಸಾಕ್ಷಾತ್ ಕಾವೇರಿಯೇ ಹರಿಯುತ್ತಾಳೆಂದು ಹೆಮ್ಮೆಪಡಬಹುದು. ಉಳಿದೆರಡು ಊರಿನವರಿಗೆ ಕೆರೆಯೇ ಸಮುದ್ರ. ಈ ನಾಲ್ಕು ಊರಿನ ನಾಲ್ವರು, ಒಂದು ಕಾಲದಲ್ಲಿ ಹಾಸನದ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು, ಅರವತ್ತು ದಾಟಿದ ಮೇಲೆ ಕಡಲಿನಲ್ಲಿ ದೋಣಿ ನಡೆಸಬೇಕೆಂದು ಹೊರಟೆವು. ಇದು 2023ರ ಜನವರಿಯ ಮಾತು. ಹುಚ್ಚು ಹುಟ್ಟಿದ್ದು ಚನ್ನರಾಯಪಟ್ಟಣದವನ ತಲೆಯಲ್ಲಿ. ಅವನು ಕೊಬ್ಬರಿ ವ್ಯಾಪಾರಿ. ಲಾಭನಷ್ಟ ಲೆಕ್ಕ ಹಾಕದೆ ಹೆಜ್ಜೆ ಇಡುವವನಲ್ಲ. ಅರಕಲಗೂಡಿನವನು ವಕೀಲ, ಹಾಸನದವನು ಬ್ಯಾಂಕಿನಿಂದ ನಿವೃತ್ತನಾದವನು. ನಾನು ಮೇಷ್ಟ್ರು. ಇಷ್ಟು ವಿವೇಕ ಒಂದೆಡೆ ಸೇರಿದರೆ ಅನಾಹುತವಾಗದೆ ಇದ್ದೀತೇ?

ಹಾಸನದಲ್ಲಿ ಕಾರವಾರದ ರಾತ್ರಿ ರೈಲು ಹತ್ತಿ ಗೋಕರ್ಣಕ್ಕೆ ಹೋದೆವು. ಗೋಕರ್ಣದ ದಕ್ಷಿಣಕ್ಕೆ ಗುಡ್ಡಗಳು ನೇರವಾಗಿ ಸಮುದ್ರಕ್ಕೆ ಇಳಿದಿವೆ. ಒಂದೊಂದು ಗುಡ್ಡದ ಮೂತಿ ನೀರಿನೊಳಕ್ಕೆ ಚಾಚಿಕೊಂಡಿದೆ. ಎರಡು ಮೂತಿಗಳ ನಡುವೆ ಒಂದು ಮರಳಿನ ಮಡಿಲು. ಕೂಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಅವುಗಳಿಗೆ ಹೆಸರು. ಮೊದಲನೆಯದು ಊರಿನವರ ಹೆಸರು, ಎರಡನೆಯದು ದೇವರದು, ಕೊನೆಯ ಎರಡು ಪರದೇಶದ ಪ್ರವಾಸಿಗಳದು. ಓಂ ತೀರದಿಂದ ಹೊರಟು ಬಂಡೆಗಳ ಅಂಚಿನಲ್ಲೇ ಸಾಗಿ ಪ್ಯಾರಡೈಸ್ ಮುಟ್ಟಿ ಹಿಂದಿರುಗುವುದೆಂದು ನಮ್ಮ ಒಪ್ಪಂದ. ಇಬ್ಬಿಬ್ಬರು ಕೂರುವ ಎರಡು ಪ್ಲಾಸ್ಟಿಕ್ ಕಯಾಕ್ ನಮಗೆ. ದಾರಿ ತೋರಿಸುವ ಹುಡುಗನಿಗೆ ಒಂಟಿ ಕಯಾಕ್. ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸು, ಮೀನುಗಾರರ ಮನೆಯವನು. ಹಣವನ್ನು ಹಿಂದಿನ ದಿನವೇ ಪೂರ್ತಿ ಕಟ್ಟಿದ್ದೆವು.

ಬೆಳಗ್ಗೆ ಏಳಕ್ಕೆ ನೀರಿಗಿಳಿಯಬೇಕೆಂದು ಅವನು ಹೇಳಿದ್ದ. ಕೊಬ್ಬರಿ ವ್ಯಾಪಾರಿಯ ಸ್ನಾನ, ಸಂಧ್ಯಾವಂದನೆ, ಬನ್ಸು, ಎರಡನೆಯ ಕಾಫಿ ಇವೆಲ್ಲ ಮುಗಿಯುವ ಹೊತ್ತಿಗೆ ಹತ್ತಾಯಿತು. ಆ ಕರಾವಳಿಯಲ್ಲಿ ಬೆಳಗ್ಗೆ ನೆಲದ ಕಡೆಯಿಂದ ತಣ್ಣನೆಯ ಗಾಳಿ ಕಡಲಿಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ದಡಕ್ಕೆ ಬೀಸತೊಡಗುತ್ತದೆ. ಬಂಡೆಯ ಪಕ್ಕದಲ್ಲಿರುವ ದೋಣಿಗೆ ಈ ಎರಡನೆಯ ಗಾಳಿ ಮಿತ್ರನಲ್ಲ. ಇದನ್ನೆಲ್ಲ ನಾನು ಈಗ ಬಲ್ಲೆ. ಆಗ ಬಲ್ಲವನು ಅವನೊಬ್ಬನೇ.

ಹಾಫ್ ಮೂನ್ ತನಕ ಸುಖವಾಗಿಯೇ ಸಾಗಿತು. ನಿಜ ಹೇಳಬೇಕೆಂದರೆ ಅಂಥ ಸುಖವನ್ನು ನಾನು ಬಹಳ ವರ್ಷಗಳಿಂದ ಉಂಡಿರಲಿಲ್ಲ. ನೀರಿನ ಮಟ್ಟದಲ್ಲೇ ಕುಳಿತು ಗುಡ್ಡವನ್ನು ತಲೆಯೆತ್ತಿ ನೋಡುವುದು, ಬಂಡೆಯ ಸಂದಿಗೆ ಅಲೆ ನುಗ್ಗಿ ನಿಟ್ಟುಸಿರು ಬಿಟ್ಟಂತೆ ಹಿಂದೆ ಸರಿಯುವ ಸದ್ದು, ಹುಟ್ಟಿನಿಂದ ತೊಟ್ಟಿಕ್ಕುವ ನೀರು. ಹಾಸನದವನು ನನ್ನ ಹಿಂದೆ ಕುಳಿತು ಏದುಸಿರಿನಲ್ಲೇ ಹಳೆಯ ಸಿನಿಮಾ ಹಾಡು ಹೇಳುತ್ತಿದ್ದ. ಅಲ್ಲಿ ಹುಡುಗ ಕಯಾಕನ್ನು ನಮ್ಮ ಪಕ್ಕಕ್ಕೆ ತಂದು, "ಇಲ್ಲಿಂದ ಹಿಂದೆ ಹೋಗ್ವ ಸಾರ್. ಗಾಳಿ ಬಂತು" ಎಂದ.

ನನಗೆ ಗಾಳಿ ಕಾಣಿಸಲಿಲ್ಲ. ಕಂಡದ್ದು ಮುಂದಿನ ಗುಡ್ಡದ ಮೂತಿ. ಅದರಾಚೆಗೆ ನಾವು ದುಡ್ಡು ಕೊಟ್ಟ ಸ್ವರ್ಗ. ನಗುತ್ತಲೇ ಒಂದು ಮಾತು ಹೇಳಿದೆ: "ಅರ್ಧಕ್ಕೆ ಹಿಂದಿರುಗಿದರೆ ಅರ್ಧ ದುಡ್ಡು ವಾಪಸು ಕೊಡ್ತೀರೇನಪ್ಪಾ?"

ಅವನು ಕಡಲಿನ ಕಡೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಆಮೇಲೆ, "ಸರಿ, ಹೋಗ್ವ" ಎಂದ.

ಮೂತಿಯ ತುದಿಯಲ್ಲಿ ಬಂಡೆಗೆ ಬಡಿದ ಅಲೆ ಹಿಂದಿರುಗಿ ಬರುವ ಅಲೆಗೆ ಡಿಕ್ಕಿ ಹೊಡೆಯುತ್ತಿತ್ತು. ಅಂಥ ಕಡೆ ನೀರಿಗೆ ದಿಕ್ಕೆಂಬುದಿಲ್ಲ. ಇದ್ದಲ್ಲೇ ಎದ್ದು ಇದ್ದಲ್ಲೇ ಕುಸಿಯುತ್ತದೆ. ವಕೀಲನೂ ವ್ಯಾಪಾರಿಯೂ ಕುಳಿತಿದ್ದ ಕಯಾಕ್ ಮಗುಚಿತು. ಲೈಫ್ ಜಾಕೆಟ್ ಇದ್ದುದರಿಂದ ಇಬ್ಬರೂ ತೇಲಿದರು. ಆದರೆ ಬಂಡೆಯ ಕಡೆಗೆ ತೇಲಿದರು. ಹುಡುಗ ನೀರಿಗೆ ಧುಮುಕಿ ಒಬ್ಬನನ್ನು ದೂಡಿ, ಇನ್ನೊಬ್ಬನನ್ನು ಎಳೆದು, ಮಗುಚಿದ ಕಯಾಕು ಅವರ ಮೇಲೆ ಬಾರದಂತೆ ಬಂಡೆಗೆ ಕೈಕೊಟ್ಟು ತಡೆದು ನಿಂತ. ಮುಂದಿನ ಅಲೆಗೆ ಅವನ ಎಡಗೈ ಕಯಾಕಿಗೂ ಬಂಡೆಗೂ ನಡುವೆ ಸಿಕ್ಕಿತು. ಅವನು ಕೂಗಲಿಲ್ಲ. ಮೀನಿನ ದೋಣಿಯೊಂದು ಕಂಡು ನಮ್ಮನ್ನೆಲ್ಲ ದಡ ಸೇರಿಸಿದ ಮೇಲೆಯೇ ಎರಡು ಬೆರಳು ಮುರಿದಿವೆಯೆಂದು ನಮಗೆ ತಿಳಿದದ್ದು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಆಕಸ್ಮಿಕಗಳು ಆಗುತ್ತವೆ. ದಡದಲ್ಲಿ ಆ ಕಯಾಕುಗಳ ಮಾಲೀಕ ಬಂದು ನಮಗೆ ಟವೆಲು ಕೊಡಿಸಿ ಚಹ ತರಿಸಿ ಹುಡುಗನನ್ನು ಕೇಳಿದ: "ಗಾಳಿ ಬಂದ ಮೇಲೆ ಮುಂದೆ ಯಾಕೆ ಹೋದೆ? ಯಾರು ಹೇಳಿದ್ದು?" ಹುಡುಗ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. "ನಾನೇ ಕರಕೊಂಡು ಹೋದೆ" ಎಂದ. ನಾನು ಚಹ ಕುಡಿಯುತ್ತಿದ್ದೆ. ಕುಡಿಯುತ್ತಲೇ ಇದ್ದೆ. ಮಾಲೀಕ ನಮ್ಮ ಕಡೆ ತಿರುಗಿ ಕ್ಷಮೆ ಕೇಳಿದ. ನಾನು, "ಪರವಾಗಿಲ್ಲ ಬಿಡಿ" ಎಂದೆ.

ಪರವಾಗಿಲ್ಲ ಎಂದದ್ದು ಯಾರ ಪರವಾಗಿ? ಆ ರಾತ್ರಿ ರೈಲಿನಲ್ಲಿ ಮೇಲಿನ ಹಲಗೆಯ ಮೇಲೆ ಮಲಗಿದ್ದಾಗ ಹೊಳೆದ ಪ್ರಶ್ನೆ ಇದು. ಕೆಳಗೆ ಕುಳಿತಿದ್ದ ವಕೀಲನನ್ನು ಎಬ್ಬಿಸಿ ಕೇಳಿದೆ. ಅವನು ಬಹಳ ಸಲೀಸಾಗಿ ತೀರ್ಪು ಕೊಟ್ಟ: "ನೀನು ತಿಳಿಯದವನು, ಅವನು ತಿಳಿದವನು. ತಿಳಿದವನ ಮೇಲೆ ಹೊಣೆ. ರೋಗಿ ಕೇಳಿದ ಅಂತ ಡಾಕ್ಟರು ವಿಷ ಬರೆದುಕೊಟ್ಟರೆ ರೋಗಿಯನ್ನ ಜೈಲಿಗೆ ಹಾಕ್ತಾರೇನೋ? ಮಲಗು ಸುಮ್ಮನೆ." ನೀರಿನಲ್ಲಿ ಮುಳುಗೆದ್ದವನು ಅವನು, ಅವನೇ ನನ್ನನ್ನು ಖುಲಾಸೆ ಮಾಡಿದ್ದ. ಆದರೂ ನಿದ್ದೆ ಬರಲಿಲ್ಲ.

ನಿದ್ದೆಯ ಬದಲು ಬಂದದ್ದು ನಮ್ಮ ದೊಡ್ಡಪ್ಪ. ನನ್ನ ಹುಟ್ಟೂರು ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಯ ದಡದ ಒಂದು ಹಳ್ಳಿ. 1968ರಲ್ಲಿ ನನಗೆ ಎಂಟು ವರ್ಷ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಯ ತನಕ ಮಲೆನಾಡಿನಲ್ಲಿ ಸುರಿದ ಆಷಾಢದ ಮಳೆಯೆಲ್ಲ ತಡೆಯಿಲ್ಲದೆ ನಮ್ಮ ಕಡವಿಗೆ ಬರುತ್ತಿತ್ತು. ದಾಟುವುದಕ್ಕೆ ಹರಿಗೋಲು. ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ದುಂಡನೆಯ ಬುಟ್ಟಿ. ದೊಡ್ಡಪ್ಪನವರಿಗೆ ಅಂದು ಹೊಳೆನರಸೀಪುರದ ಕೋರ್ಟಿನಲ್ಲಿ ಗದ್ದೆಯ ಖಟ್ಲೆಯ ವಾಯಿದೆ. ಛತ್ರಿ, ಕಾಗದದ ಗಂಟು, ಜರಿಯಂಚಿನ ಪಂಚೆ ಇವುಗಳೊಂದಿಗೆ ಕಡವಿಗೆ ಬಂದರು. ಬುತ್ತಿಯ ಗಂಟು ಹಿಡಿದು ಹಿಂದೆ ನಾನು. ಅಂಬಿಗ ಹೊಳೆಯನ್ನು ನೋಡಿ, "ಇವತ್ತು ಆಗಕ್ಕಿಲ್ಲ ಬುದ್ಧಿ" ಎಂದ. ದೊಡ್ಡಪ್ಪ ಗದರಿದರು. ಆಸೆ ತೋರಿಸಿದರು. ಅವನ ಅಪ್ಪನ ಕಾಲದಿಂದ ನಡೆದ ಉಪಕಾರಗಳನ್ನೆಲ್ಲ ಎತ್ತಿ ಆಡಿದರು. ಅವನು ವಾದಿಸಲಿಲ್ಲ. ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತುಕೊಂಡು ಮನೆಯ ಕಡೆ ನಡೆದುಬಿಟ್ಟ. ಒಂದು ದೊಡ್ಡ ಕಪ್ಪು ಆಮೆ ಎರಡು ಕಾಲಿನ ಮೇಲೆ ಎದ್ದು ಹೋದಂತೆ ನನಗೆ ಕಂಡು ನಗು ಬಂತು. ದೊಡ್ಡಪ್ಪನವರಿಂದ ಒಂದು ಏಟೂ ಬಿತ್ತು.

ಸಂಜೆಗೆ ಹೊಳೆ ಇಳಿಯಿತು. ಬೆಳಗ್ಗೆಯೇ ದಾಟಬಹುದಾಗಿತ್ತೆಂದು ಊರಿನಲ್ಲಿ ಹೇಳಿದವರು ಹಲವರು. ಅಂಬಿಗನದು ಪುಕ್ಕಲುತನವೆಂದರು ಕೆಲವರು. ಅವನು ಸರಿ ಎಂದು ಹೇಳುವುದಕ್ಕೆ ಯಾವ ಸಾಕ್ಷಿಯೂ ಇರಲಿಲ್ಲ. ಮುಳುಗಿದ್ದರಲ್ಲವೆ ಸಾಕ್ಷಿ? ವಾಯಿದೆ ತಪ್ಪಿದ್ದರಿಂದ ಖಟ್ಲೆ ಏಕಪಕ್ಷೀಯವಾಗಿ ತೀರ್ಮಾನವಾಗಿ, ಅದನ್ನು ಮತ್ತೆ ತೆರೆಸುವುದಕ್ಕೆ ದೊಡ್ಡಪ್ಪ ಎರಡು ವರ್ಷ ಅಲೆದರು. ಆ ಸುಗ್ಗಿಯಲ್ಲಿ ಕಣದ ಬಳಿ ಅಂಬಿಗ ಎಂದಿನಂತೆ ಆಯಕ್ಕೆ ಬಂದು ನಿಂತ. ದೊಡ್ಡಪ್ಪ ಬೈಯುತ್ತ ಬೈಯುತ್ತಲೇ ರಾಗಿ ಅಳೆಸಿಕೊಟ್ಟರು.

ಈ ಆಯದ ಮಾತೇ ನನ್ನನ್ನು ರೈಲಿನಲ್ಲಿ ಎದ್ದು ಕೂರಿಸಿದ್ದು. ನಮ್ಮೂರ ಅಂಬಿಗನಿಗೆ ದಾಟಿಸಿದ ತಲೆಗಿಷ್ಟೆಂದು ಕೂಲಿ ಇರಲಿಲ್ಲ. ಊರು ವರ್ಷಕ್ಕೊಮ್ಮೆ ಅಳೆದುಕೊಡುತ್ತಿತ್ತು. ದಾಟಿಸಿದ ದಿನಕ್ಕೂ ದಾಟಿಸದ ದಿನಕ್ಕೂ ಅದೇ ರಾಗಿ. ಆದ್ದರಿಂದ ಅವನ "ಆಗಕ್ಕಿಲ್ಲ" ಎಂಬ ಮಾತಿಗೂ ಕೂಲಿ ಸಂದಿತ್ತು. ಹಳೆಯ ಕಾಲವೇ ಚೆನ್ನಾಗಿತ್ತೆಂದು ಹಾಡುವ ಮುದುಕರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಅದೇ ಅಂಬಿಗ ನಮ್ಮ ಮನೆಯ ಜಗಲಿಯ ಕೆಳಗೆ ನಿಲ್ಲಬೇಕಾಗಿತ್ತು. ಅವನ ರಾಗಿ ಅವನ ಹಕ್ಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೂ ಆ ಒಂದು ಮಾತನ್ನು ಹೇಳುವ ಅನುಕೂಲ ಅವನಿಗಿತ್ತು. ಗೋಕರ್ಣದ ಹುಡುಗನಿಗೆ ಇರಲಿಲ್ಲ. ಅವನಿಗೆ ಹೋದರೆ ಕೂಲಿ. ಹಿಂದಿರುಗಿದರೆ ಗಿರಾಕಿಯ ಮುನಿಸು, ಮಾಲೀಕನ ಪ್ರಶ್ನೆ. ನನ್ನ ನಗೆಚಾಟಿಕೆ ಅವನ ಕಿವಿಯಲ್ಲಿ ಏನಾಗಿ ಕೇಳಿಸಿರಬೇಕು?

ಕಯಾಕೆಂಬ ದೋಣಿಯ ಮೂಲವೂ ನಮ್ಮ ಹರಿಗೋಲಿನಂತೆಯೇ ಹಂದರಕ್ಕೆ ಹೊದಿಸಿದ ಚರ್ಮವೇ. ಹಿಮದ ನಾಡಿನ ಇನೂಯಿಟ್ ಜನ ಕಡಲು ತೇಲಿಸಿ ತಂದ ಮರದಿಂದಲೋ ಎಲುಬಿನಿಂದಲೋ ಹಂದರ ಕಟ್ಟಿ ಸೀಲ್ ಪ್ರಾಣಿಯ ಚರ್ಮ ಬಿಗಿದು ಬೇಟೆಗೆ ಹೋಗುತ್ತಿದ್ದರು. ಹರಿಗೋಲು ಹತ್ತು ಜನರನ್ನು ಹೊರುವುದಕ್ಕಾಗಿ ದುಂಡಗಾಯಿತು; ಬೇಟೆಯ ಕಯಾಕು ಒಬ್ಬನಿಗಾಗಿ ಸಣ್ಣಗಾಯಿತು. ಅದರಲ್ಲಿ ಕುಳಿತವನು ಯಾರ ಪ್ರಯಾಣಿಕನೂ ಅಲ್ಲ. ಅವನ ಪ್ರಾಣಕ್ಕೆ ಅವನೇ ಅಂಬಿಗ. ಗ್ರೀನ್‌ಲೆಂಡಿನಲ್ಲಿ ಅಂಥ ನುರಿತ ಬೇಟೆಗಾರರಿಗೂ, ಅಲೆಯೇ ಇಲ್ಲದ ಬಿಸಿಲಿನ ದಿನ, ಒಂದು ವಿಚಿತ್ರವಾದ ದಿಗಿಲು ಹಿಡಿದು ಕೈಕಾಲು ಆಡದಂತಾಗುತ್ತಿತ್ತಂತೆ. ಇನ್ನೊಬ್ಬ ತನ್ನ ಕಯಾಕನ್ನು ಪಕ್ಕಕ್ಕೆ ತಂದರೆ ಅದು ಬಿಡುತ್ತಿತ್ತು. ಪಕ್ಕದಲ್ಲಿ ಒಬ್ಬ ಬೇಕು ಎಂಬುದು ಶಕ್ತಿವಂತರ ಅನುಭವ ಕೂಡ. ಆದರೆ ಪಕ್ಕದಲ್ಲಿರುವವನು ಕೂಲಿಯವನಾದಾಗ ಆಟ ಬದಲಾಗುತ್ತದೆ. ಹರಿಗೋಲಿನಲ್ಲಿ ದೊಡ್ಡಪ್ಪನಂಥ ದರ್ಪದ ಮನುಷ್ಯನೂ ತಾನೊಂದು ಮೂಟೆಯೆಂದು ಒಪ್ಪಿಕೊಂಡು ಮುದುರಿ ಕೂರುತ್ತಿದ್ದ. ಕಯಾಕಿನಲ್ಲಿ ಹುಟ್ಟು ನನ್ನ ಕೈಯಲ್ಲೇ ಇತ್ತು. ಹೀಗಾಗಿ ನಾನು ಮೂಟೆಯಲ್ಲ, ಸಾಹಸಿ ಎಂದು ಭ್ರಮಿಸಿದೆ. ಸಾಹಸದ ಹೆಸರು ನನಗೆ, ಅಪಾಯದ ಹೊಣೆ ಅವನಿಗೆ. ಇಂಥ ಹಂಚಿಕೆಯನ್ನು ನಮ್ಮ ಕೊಬ್ಬರಿ ವ್ಯಾಪಾರಿ ಕೂಡ ಮಂಡಿಯಲ್ಲಿ ಕೇಳಲು ನಾಚುತ್ತಾನೆ.

ಪ್ಲೇಟೋ ತನ್ನ ಗೋರ್ಗಿಯಾಸ್ ಸಂವಾದದಲ್ಲಿ ಹಡಗು ನಡೆಸುವವನೊಬ್ಬನನ್ನು ತರುತ್ತಾನೆ. ಆ ಮನುಷ್ಯ ಹೆಂಡತಿ ಮಕ್ಕಳು ಸರಕು ಸಮೇತ ಜನರನ್ನು ದೂರದ ಈಜಿಪ್ಟಿನಿಂದ ಕ್ಷೇಮವಾಗಿ ತಂದು, ಎರಡೇ ದ್ರಾಕ್ಮ ಕೂಲಿ ಇಸಿದುಕೊಂಡು, ಹಡಗಿನ ಪಕ್ಕ ದಡದಲ್ಲಿ ಯಾವ ಗತ್ತೂ ಇಲ್ಲದೆ ಅಡ್ಡಾಡುತ್ತಾನೆ. ಯಾಕೆ ಗತ್ತಿಲ್ಲ? ಮುಳುಗದಂತೆ ಕಾಪಾಡಿದ್ದರಿಂದ ಇವರಲ್ಲಿ ಯಾರಿಗೆ ಒಳ್ಳೆಯದಾಯಿತು, ಯಾರಿಗೆ ಕೆಟ್ಟದಾಯಿತು ಎಂದು ತನಗೆ ತಿಳಿಯದೆಂದು ಅವನಿಗೆ ಗೊತ್ತಿದೆ; ಹತ್ತಿದಾಗ ಹೇಗಿದ್ದರೋ ಇಳಿದಾಗಲೂ ಹಾಗೆಯೇ ಇದ್ದಾರೆ. ಕಾಲೇಜಿನಲ್ಲಿ ಇದನ್ನು ಪಾಠ ಹೇಳುವಾಗ ನಾನು ಸಾಕ್ರಟೀಸನ ವ್ಯಂಗ್ಯವನ್ನು ಮೆಚ್ಚಿ ಮುಂದಕ್ಕೆ ಹೋಗುತ್ತಿದ್ದೆ. ಆ ವಿನಯ ನನಗೆ ಅರ್ಥವಾದದ್ದು ಈಗ. ಕಾಪಾಡುವುದು ಕಣ್ಣಿಗೆ ಕಾಣುವ ಕೆಲಸವಲ್ಲ. ದಡ ಮುಟ್ಟಿದವನಿಗೆ ಏನೂ ಆಗಿರುವುದಿಲ್ಲವಾದ್ದರಿಂದ ಏನನ್ನು ಪಡೆದೆನೆಂಬುದೂ ತಿಳಿಯುವುದಿಲ್ಲ. ಹಾಫ್ ಮೂನಿನಿಂದಲೇ ನಾವು ಹಿಂದಿರುಗಿದ್ದರೆ, ಆ ಹುಡುಗ ನಮಗೆ ಮೋಸ ಮಾಡಿದನೆಂದು ನಾನು ಇಂದಿಗೂ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ವಕೀಲನ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಾನೂನಿಗೆ ಹೊಣೆಯನ್ನು ಎಲ್ಲಾದರೂ ಒಂದು ಕಡೆ ನಿಲ್ಲಿಸಲೇಬೇಕು. ಇಂಗ್ಲೆಂಡಿನಲ್ಲಿ 1993ರ ಮಾರ್ಚ್ 22ರಂದು ಲೈಮ್ ಕೊಲ್ಲಿಯಲ್ಲಿ ಪ್ಲಿಮತ್ತಿನ ಶಾಲೆಯೊಂದರ ಎಂಟು ಮಕ್ಕಳು, ಒಬ್ಬ ಮೇಷ್ಟ್ರು, ಇಬ್ಬರು ತರಬೇತಿದಾರರು ಕಯಾಕುಗಳಲ್ಲಿ ಹೊರಟರು. ಹೋಗಬೇಕಾದ ದೂರ ಎರಡೇ ಮೈಲಿ. ಮೇಷ್ಟ್ರ ದೋಣಿ ಮತ್ತೆ ಮತ್ತೆ ಮಗುಚಿತು. ಒಬ್ಬ ತರಬೇತಿದಾರ ಅವರ ಬಳಿ ನಿಂತ. ಇನ್ನೊಬ್ಬರ ಜೊತೆ ಮಕ್ಕಳು ಗಾಳಿಗೆ ಸಿಕ್ಕಿ ಕಡಲಿನೊಳಕ್ಕೆ ತೇಲಿಹೋದರು. ತಣ್ಣೀರಿನಲ್ಲಿ ಗಂಟೆಗಟ್ಟಲೆ ಇದ್ದು ನಾಲ್ಕು ಮಕ್ಕಳು ಸತ್ತರು. ನ್ಯಾಯಾಲಯ ದೋಣಿಯಲ್ಲಿದ್ದ ಎಳೆಯ ತರಬೇತಿದಾರರ ತಲೆಗೆ ಎಲ್ಲವನ್ನೂ ಕಟ್ಟಲಿಲ್ಲ. 1994ರಲ್ಲಿ ಆ ಕಂಪನಿಯನ್ನೂ ಅದರ ಮುಖ್ಯಸ್ಥನನ್ನೂ ನರಹತ್ಯೆಯ ಅಪರಾಧಿಗಳೆಂದಿತು. ಆ ದೇಶದಲ್ಲಿ ಕಂಪನಿಯೊಂದಕ್ಕೆ ಅಂಥ ತೀರ್ಪಾದದ್ದು ಅದೇ ಮೊದಲು. ಮರುವರ್ಷ ಇಂಥ ಕೇಂದ್ರಗಳಿಗೆ ಪರವಾನಗಿಯ ಕಾನೂನೂ ಬಂತು. ಆ ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ ನನ್ನ ಮನಸ್ಸನ್ನು ಬಿಟ್ಟಿಲ್ಲ. ದುರಂತಕ್ಕೆ ತಿಂಗಳುಗಳ ಹಿಂದೆಯೇ ಅಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು, ಇಲ್ಲಿ ರಕ್ಷಣೆಯ ವ್ಯವಸ್ಥೆ ಸಾಲದು ಎಂದು ಕಾಗದ ಬರೆದು ಕೆಲಸ ಬಿಟ್ಟುಹೋಗಿದ್ದರು. ಬೇಡ ಎಂದವರು ಹೋದರು. ಬೇಡ ಎನ್ನಲಾರದಷ್ಟು ಹೊಸಬರು ಅವರ ಜಾಗಕ್ಕೆ ಬಂದರು.

ಕಾನೂನು ಹೀಗೆ ಹೊಣೆಯನ್ನು ಕೂಲಿಯವನಿಂದ ಮಾಲೀಕನಿಗೆ ಏರಿಸಿತು. ಒಳ್ಳೆಯದೇ. ಆದರೆ ಗಿರಾಕಿಯ ಕಡೆಗೆ ಅದು ತಿರುಗಿ ನೋಡುವುದಿಲ್ಲ. ನನಗೆ ಗಾಳಿ ತಿಳಿಯದು, ಅಲೆ ತಿಳಿಯದು, ನಾನು ಒಳನಾಡಿನ ಮೇಷ್ಟ್ರು; ಅಜ್ಞಾನ ನನ್ನ ರಕ್ಷಾಕವಚ. ಈ ಕವಚವನ್ನು ತೊಟ್ಟು ಎರಡು ತಿಂಗಳು ಹಾಸನದಲ್ಲಿ ಓಡಾಡಿದೆ. ಎಲ್ಲಿಯೋ ಚುಚ್ಚುತ್ತಿತ್ತು. ಕೊನೆಗೆ ತಿಳಿಯಿತು. ಕಡಲನ್ನು ಓದಲು ನನಗೆ ಬಾರದು, ನಿಜ. ಆದರೆ ಮುಖವನ್ನು ಓದಲು ಬರುತ್ತದೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ, ಒಲ್ಲದ ಮನಸ್ಸಿನಿಂದ "ಸರಿ ಸಾರ್" ಎನ್ನುವ ಹುಡುಗನ ಮುಖ ಹೊಸದೇ? ಅವನು ಕಡಲನ್ನು ನೋಡಿ ನನ್ನನ್ನು ನೋಡಿದ ಆ ಗಳಿಗೆಯಲ್ಲಿ ಅವನಿಗೆ ಇಷ್ಟವಿಲ್ಲವೆಂದು ನನಗೆ ಗೊತ್ತಾಗಿತ್ತು. ಗೊತ್ತಾಗಿಯೇ ನಾನು ಹುಟ್ಟು ಎತ್ತಿದ್ದು. ಹುಡುಗನ ತಪ್ಪು ಇಲ್ಲವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅವನ ವಿದ್ಯೆಗೇ ಅವಮಾನ. ಅವನು ನಮ್ಮೂರ ಅಂಬಿಗನಂತೆ ತಿರುಗಿ ನಡೆದುಬಿಡಬೇಕಾಗಿತ್ತು. ಆದರೆ ಅವನ ತಪ್ಪು ದೊಡ್ಡದಾದಷ್ಟು ನನ್ನದು ಸಣ್ಣದಾಗುತ್ತದೆ ಎಂಬ ಲೆಕ್ಕ ಸುಳ್ಳು. ಇದು ಪಾಲುಪಟ್ಟಿಯ ಗದ್ದೆಯಲ್ಲ. ಇಬ್ಬರಿಗೂ ಇಡಿಯಾಗಿಯೇ ಬರಬಹುದು.

ಚಹದ ಲೋಟದ ವಿಷಯಕ್ಕಂತೂ ಯಾವ ವಾದವೂ ಇಲ್ಲ. ಅಲ್ಲಿ ಅಲೆಯಿರಲಿಲ್ಲ, ಗಾಳಿಯಿರಲಿಲ್ಲ, ತಿಳಿಯದ ವಿದ್ಯೆ ಯಾವುದೂ ಬೇಕಿರಲಿಲ್ಲ. "ನಾನೇ ಹೇಳಿದ್ದು" ಎಂದರೆ ಸಾಕಾಗಿತ್ತು.

ಮೊದಲು ಹಣ ಕಳುಹಿಸಿದೆ. ಅವನು ತೆಗೆದುಕೊಂಡ. ನನಗೆ ಬಹಳ ಹಗುರವಾಯಿತು. ಆ ಹಗುರದ ಮೇಲೆಯೇ ನನಗೆ ಗುಮಾನಿ. ಆಮೇಲೆ ಮಾಲೀಕನಿಗೆ ಒಂದು ಕಾಗದ ಬರೆದೆ, ಹಿಂದಿರುಗೋಣವೆಂದು ಹುಡುಗ ಹೇಳಿದ್ದ, ಒತ್ತಾಯ ನನ್ನದು ಎಂದು. ಅಂಚೆಗೆ ಹಾಕುವ ಮೊದಲು ವಕೀಲನಿಗೆ ತೋರಿಸಿದ್ದು ನನ್ನ ಹೇಡಿತನವೋ ಸ್ನೇಹವೋ ಹೇಳಲಾರೆ. ಅವನು ಎರಡು ಸಾರಿ ಓದಿ, "ಇದು ಬರಹದಲ್ಲಿ ತಪ್ಪೊಪ್ಪಿಗೆ ಆಗ್ತದೆ ಕಣೋ. ಫೋನಿನಲ್ಲಿ ಹೇಳು" ಎಂದ. ಆದರೂ ಹಾಕಿದೆ. ಉತ್ತರ ಬರಲಿಲ್ಲ.

ಹೋದ ಮಳೆಗಾಲದಲ್ಲಿ, ದೋಣಿಗಳೆಲ್ಲ ದಡದ ಮೇಲಿರುವ ಕಾಲದಲ್ಲಿ, ಹುಡುಗನಿಗೆ ಫೋನು ಮಾಡಿದೆ. ಯಾರೆಂದು ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. "ಓ, ಹಾಸನದವರಾ" ಎಂದ. ನೀರಿಗೆ ಬಿದ್ದ ಇಬ್ಬರ ಆರೋಗ್ಯ ವಿಚಾರಿಸಿದ. ಒಂದು ಬೆರಳು ಪೂರ್ತಿ ಮಡಚುವುದಿಲ್ಲವಂತೆ, ಹುಟ್ಟು ಹಿಡಿಯಲು ತೊಂದರೆಯಿಲ್ಲವಂತೆ. ಆ ದಿನ ನಾನು ಸುಮ್ಮನಿದ್ದದ್ದು ತಪ್ಪೆಂದು ಹೇಳಿದೆ. "ಅದೆಲ್ಲ ಈಗ ಎಂತಕ್ಕೆ ಸಾರ್" ಎಂದ. ಇನ್ನು ಮುಂದೆ ಯಾರಾದರೂ ನನ್ನ ಹಾಗೆ ಕೇಳಿದರೆ ಹಿಂದಿರುಗುತ್ತೀಯಲ್ಲವೇ ಎಂದು ಕೇಳಿದೆ. ಆ ಕಡೆ ಮಳೆಯ ಸದ್ದು ಬಹಳ ಇತ್ತು; ಅವನು ನಕ್ಕದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಸೀಸನ್ ಹೇಗಿರ್ತದೆ ನೋಡ್ಬೇಕು ಸಾರ್" ಎಂದ.